ಟ್ರೈಪಾಡ್ ಹಾಕಿದ ಮೇಲೆ ಲೆನ್ಸಿನ ಸ್ವಿಚ್ ನೋಡಿದಿರಾ?

ಪಳ್ಳಿಕೆರೆ ಬೀಚಿನಿಂದ ಮುಸ್ಸಂಜೆಯ ಬೇಕಲ ಕೋಟೆ ತೆಗೆಯುವುದು ಕಾಸರಗೋಡಿನ ನಮಗೆಲ್ಲ ಇಷ್ಟ. 20 ಸೆಕೆಂಡ್ ಎಕ್ಸ್‌ಪೋಷರ್ ಕೊಟ್ಟರೆ ಅಲೆಗಳು ಮಂಜಿನ ಹಾಗೆ ಬರುತ್ತವೆ. ಒಮ್ಮೆ ಮನೆಗೆ ಬಂದು ದೊಡ್ಡದು ಮಾಡಿ ನೋಡಿದರೆ ಕೋಟೆಯ ಮುರಕಲ್ಲಿನ ಅಂಚು ಎರಡೆರಡಾಗಿತ್ತು. ಟ್ರೈಪಾಡ್ ಗಟ್ಟಿಯಾಗಿತ್ತು, ಗಾಳಿಯೂ ಇರಲಿಲ್ಲ. ಆದರೆ ಕೈ ಅಲುಗಾಟವನ್ನು ಸರಿಪಡಿಸುವ ಲೆನ್ಸಿನ ಸ್ಟೆಬಿಲೈಸೇಶನ್ ಆನ್ ಇತ್ತು, ತೊಂದರೆ ಅದರದ್ದೇ.

ಕ್ಯಾನನ್‌ನಲ್ಲಿ ಐಎಸ್, ನಿಕಾನ್‌ನಲ್ಲಿ ವಿಆರ್, ಟ್ಯಾಮ್ರಾನ್‌ನಲ್ಲಿ ವಿಸಿ, ಕೆಲಸ ಒಂದೇ. ಕೈ ಅಲುಗಿದ್ದನ್ನು ಒಳಗಿನ ಗೈರೋ ಸೆನ್ಸರ್ ಹಿಡಿಯುತ್ತದೆ, ಅದಕ್ಕೆ ತಕ್ಕಂತೆ ಕೆಲವು ಗಾಜುಗಳು ಸರಿದು ಚಿತ್ರವನ್ನು ನಿಲ್ಲಿಸುತ್ತವೆ. ಟ್ರೈಪಾಡಿನ ಮೇಲೆ ಅಲುಗಾಟವೇ ಇಲ್ಲದಾಗ ಸೆನ್ಸರಿನ ಸಣ್ಣ ತಪ್ಪು ಲೆಕ್ಕಕ್ಕೂ ಗಾಜು ಮೆಲ್ಲಗೆ ಜಾರುವುದುಂಟು. ಕ್ಯಾನನ್‌ನ ಮೊದಲ ಐಎಸ್ ಲೆನ್ಸ್ ಬಂದದ್ದು 1995ರಲ್ಲಿ. ಆ ಕಾಲದ ಲೆನ್ಸುಗಳಲ್ಲಿ ಈ ತೊಂದರೆ ಜಾಸ್ತಿ. ಆಮೇಲಿನ ಹಲವು ಲೆನ್ಸುಗಳು ಟ್ರೈಪಾಡ್ ಇದೆ ಅಂತ ತಾವೇ ತಿಳಿದುಕೊಳ್ಳುತ್ತವೆ.

ನಿಮ್ಮದು ಯಾವ ಥರದ್ದು ಅಂತ ಮನೆಯಲ್ಲೇ ನೋಡಿ. ಗೋಡೆಗೆ ಒಂದು ಪೇಪರ್ ಅಂಟಿಸಿ, ಕ್ಯಾಮೆರಾವನ್ನು ಟ್ರೈಪಾಡಿಗೆ ಬಿಗಿ ಮಾಡಿ, ಸ್ಟೆಬಿಲೈಸೇಶನ್ ಆನ್ ಇಟ್ಟು, ಲೈವ್ ವ್ಯೂನಲ್ಲಿ (ಹಿಂದಿನ ಪರದೆಯಲ್ಲಿ) ಅಕ್ಷರಗಳನ್ನು 10 ಪಟ್ಟು ದೊಡ್ಡದು ಮಾಡಿ ಶಟರ್ ಬಟನ್ ಅರ್ಧ ಒತ್ತಿ ಹಿಡಿಯಿರಿ. ಅಕ್ಷರಗಳು ನೀರಿನಲ್ಲಿ ತೇಲಿದ ಹಾಗೆ ಮೆಲ್ಲಗೆ ಸರಿದರೆ ಉತ್ತರ ಸಿಕ್ಕಿತು ಅಲ್ವಾ? ನಂತರ 2 ಸೆಕೆಂಡ್ ಟೈಮರ್ ಹಾಕಿ, ಆನ್ ಮಾಡಿ ನಾಲ್ಕು, ಆಫ್ ಮಾಡಿ ನಾಲ್ಕು ಫೋಟೋ ತೆಗೆದು ಹೋಲಿಸಿ.

ಬೀಚಿನಲ್ಲಿ ಮೊದಲು ಟ್ರೈಪಾಡಿನ ಕಾಲುಗಳನ್ನು ಮರಳಿನಲ್ಲಿ ಇನ್ನು ಇಳಿಯದಷ್ಟು ಒತ್ತಿ. ಅಲೆ ವಾಪಸ್ ಹೋಗುವಾಗ ಕಾಲಿನ ಕೆಳಗಿನ ಮರಳನ್ನೂ ಎಳೆದುಕೊಂಡು ಹೋಗುತ್ತದೆ, ಆ ಕುಸಿತವನ್ನು ಯಾವ ಸ್ಟೆಬಿಲೈಸೇಶನ್ನೂ ಸರಿ ಮಾಡುವುದಿಲ್ಲ. ಫ್ರೇಮ್ ಮಾಡಿ, ಫೋಕಸ್ ಹಿಡಿದು, ಸ್ಟೆಬಿಲೈಸೇಶನ್ ಸ್ವಿಚ್ ಆಫ್ ಮಾಡಿ. ಲೆನ್ಸಿನ ಮೇಲೆ ಸ್ವಿಚ್ ಇಲ್ಲದಿದ್ದರೆ ಮೆನುವಿನಲ್ಲಿ ಹುಡುಕಿ. ಕ್ಯಾಮೆರಾ ಬಾಡಿಯಲ್ಲೂ ಸ್ಟೆಬಿಲೈಸೇಶನ್ ಇದ್ದರೆ ಅದನ್ನೂ ನೋಡಿ. ಟೈಮರ್ ಹಾಕಿ ತೆಗೆಯಿರಿ.

ಹಾಗಂತ ಟ್ರೈಪಾಡ್ ಅಂದ ಕೂಡಲೇ ಆಫ್ ಮಾಡಬೇಕು ಅಂತಿಲ್ಲ. ಯಕ್ಷಗಾನ ಬಯಲಾಟದಲ್ಲಿ ಟ್ರೈಪಾಡಿನ ಹೆಡ್ಡು ಸಡಿಲ ಬಿಟ್ಟು ವೇಷದ ಹಿಂದೆಯೇ ಕ್ಯಾಮೆರಾ ತಿರುಗಿಸುತ್ತಿದ್ದರೆ ಆನ್ ಇರಲಿ, ಒಂದೇ ಕಾಲಿನ ಮೊನೊಪಾಡ್ ಆದರೂ ಅಷ್ಟೇ. ಆದರೆ ಸ್ಟೆಬಿಲೈಸೇಶನ್ ನಿಮ್ಮ ಕೈಯ ಅಲುಗಾಟವನ್ನು ಮಾತ್ರ ತಡೆಯುತ್ತದೆ. ಧಿಗಿಣ ಹೊಡೆಯುವ (ಗಿರಗಿರನೆ ಸುತ್ತಿ ಹಾರುವ) ವೇಷ ಸ್ಪಷ್ಟವಾಗಿ ಬರಬೇಕಾದರೆ ಶಟರ್ ಸ್ಪೀಡನ್ನೇ 1/500 ಸೆಕೆಂಡಿನ ಹತ್ತಿರ ಏರಿಸಬೇಕು. ಉದ್ದ ಲೆನ್ಸ್ ಹಾಕಿ ಜೋರು ಗಾಳಿಯಲ್ಲಿ ನಿಂತಿದ್ದರೆ ಎರಡೂ ರೀತಿ ತೆಗೆದು ನೋಡುವುದೇ ಒಳ್ಳೆಯದು.

ನಾನು ಆಫ್ ಮಾಡಿದಾಗೆಲ್ಲ ಲೆನ್ಸ್ ಕ್ಯಾಪ್ ಮೇಲೆ ಒಂದು ತುಂಡು ಕೆಂಪು ಟೇಪ್ ಅಂಟಿಸುತ್ತೇನೆ. ಮುಂದಿನ ಸಲ ಕ್ಯಾಪ್ ತೆಗೆಯುವಾಗ ಅದು ಕಣ್ಣಿಗೆ ಬೀಳುತ್ತದೆ, ಆಗ ಸ್ವಿಚ್ ಮತ್ತೆ ಆನ್ ಮಾಡಿಕೊಳ್ಳುತ್ತೇನೆ.