ಸಾಯಂಕಾಲದ ಅಳು, ನನ್ನ ಅನುಭವ

ಬಾಣಂತನ ಮುಗಿಸ್ಕೊಂಡು ತವರಿಂದ ಬೆಂಗಳೂರಿಗೆ ಬಂದಾಗ ಮಗಳಿಗೆ ನಾಲ್ಕು ತಿಂಗಳು. ಯಜಮಾನ್ರು ಬರೋದು ರಾತ್ರಿ ಎಂಟಕ್ಕೆ, ಅಲ್ಲೀವರೆಗೂ ನಾವಿಬ್ರೇ. ಆರು ಗಂಟೆ ಆಯ್ತು ಅಂದ್ರೆ ಅಳು ಶುರು, ಹಾಲು ಕೊಟ್ರೂ ಇಲ್ಲ, ದೃಷ್ಟಿ ತೆಗೆದ್ರೂ ಇಲ್ಲ, ಡಾಕ್ಟರ್ ನೋಡಿ ಮಗು ಆರೋಗ್ಯವಾಗಿದೆ ಅಂದ್ರು. ಅವಳು ಅತ್ತಷ್ಟೂ ನಾನು ತೊಟ್ಟಿಲು ಜೋರಾಗಿ ತೂಗೋದು, ತೂಗಿದಷ್ಟೂ ಅವಳು ಇನ್ನೂ ಕಿರುಚೋದು.

ಒಂದಿನ ಫೋನಲ್ಲಿ ಅಮ್ಮ, "ನಿನ್ನ ಎದೆ ಡವಡವ ಅಂತಿದ್ರೆ ಅದು ಹೆಂಗೆ ಮಲಗುತ್ತೆ, ಮೊದ್ಲು ನೀನು ನೀರು ಕುಡಿ" ಅಂದ್ರು. ಅವತ್ತಿಂದ ಅದೇ ಮಾಡಿದೆ. ಅವಳನ್ನ ಹಾಸಿಗೆ ಮೇಲೆ ಮಲಗಿಸಿ ಒಂದು ಲೋಟ ನೀರು, ನಾಲ್ಕೈದು ಸಲ ನಿಧಾನಕ್ಕೆ ಉಸಿರು ಬಿಡೋದು, ಆಮೇಲೆ ಎದೆಗೆ ಒರಗಿಸ್ಕೊಂಡು ನಡುಮನೆಯಿಂದ ಅಡುಗೆಮನೆವರೆಗೂ ನಡೆಯೋದು, ಬಾಯಲ್ಲಿ ಏನೋ ಒಂದು ಗುನುಗು. ಕೂತು ಎತ್ಕೊಳ್ಳೋದಕ್ಕಿಂತ ಎತ್ಕೊಂಡು ನಡೆದ್ರೆ ಕೂಸಿನ ಎದೆಬಡಿತ ಬೇಗ ಇಳಿಯುತ್ತೆ ಅಂತ ಜಪಾನಿನ ರಿಕೆನ್ ಸಂಸ್ಥೆಯವರು 2013ರಲ್ಲಿ ತೋರಿಸಿದಾರೆ, ನಾನು ಓದಿದ್ದು ಆಮೇಲೆ.

ಇನ್ನೊಂದು ತಪ್ಪು ಗೊತ್ತಾಗಿದ್ದು ತಡವಾಗಿ. ಮಡಿಲಲ್ಲಿ ಅವಳು, ಕೈಯಲ್ಲಿ ಆಫೀಸಿನ ಮೇಲ್, ಮುಖದಲ್ಲಿ ಏನೂ ಇಲ್ಲ. ಅವಳು ನಗ್ತಾಳೆ, ಊ ಅಂತಾಳೆ, ಕೈ ಚಾಚ್ತಾಳೆ, ಕೊನೆಗೆ ಮುಖ ತಿರುಗಿಸಿ ಮುಷ್ಟಿ ಚೀಪ್ತಾಳೆ. ಎಡ್ವರ್ಡ್ ಟ್ರಾನಿಕ್ ಅನ್ನೋ ಅಮೆರಿಕದ ಮನೋವಿಜ್ಞಾನಿ 1970ರ ದಶಕದಲ್ಲಿ ಮಾಡಿದ ಪ್ರಯೋಗದಲ್ಲೂ ತಾಯಿ ಬರೀ ಎರಡು-ಮೂರು ನಿಮಿಷ ಮುಖ ಕಲ್ಲು ಮಾಡ್ಕೊಂಡು ಕೂತಾಗ ಮಕ್ಕಳು ಹಿಂಗೇ ಮಾಡಿದ್ವು. ಓದಿ ಕಣ್ಣಲ್ಲಿ ನೀರು ಬಂತು. ಆದ್ರೆ ನಂಗೆ ಧೈರ್ಯ ಕೊಟ್ಟಿದ್ದೂ ಅವರೇ, ಚೆನ್ನಾಗಿರೋ ತಾಯಿ-ಮಕ್ಕಳೂ ಆಟದಲ್ಲಿ ಪೂರ್ತಿ ಹೊಂದಿಕೊಂಡಿರೋದು ಸುಮಾರು 30% ಹೊತ್ತು ಮಾತ್ರವಂತೆ, ಉಳಿದಿದ್ದೆಲ್ಲಾ ತಪ್ಪೋದು, ಮತ್ತೆ ಸರಿ ಮಾಡ್ಕೊಳ್ಳೋದು, ಮಗು ಕಲಿಯೋದೇ ಆ ಸರಿ ಮಾಡ್ಕೊಳ್ಳೋದ್ರಲ್ಲಿ.

ಅದಕ್ಕೆ ಈಗ ಮೇಲ್ ಓದ್ಬೇಕಾದ್ರೆ ಅವಳನ್ನ ಚಾಪೆ ಮೇಲೆ ಬಿಡ್ತೀನಿ, ಮುಗಿದ ತಕ್ಷಣ ಮುಖಕ್ಕೆ ಮುಖ ಕೊಟ್ಟು "ಏನ್ ಪುಟ್ಟಿ, ಅಮ್ಮ ಬಂದ್ಲು" ಅಂತೀನಿ. ಅವಳು ಕಣ್ಣು ಆ ಕಡೆ ತಿರುಗಿಸಿದ್ರೆ ಕರೆಯಲ್ಲ, ಅದು ಅವಳು ಸುಧಾರಿಸ್ಕೊಳ್ಳೋ ರೀತಿ, ಕಾಯ್ತೀನಿ. (ವಾರಗಟ್ಟಲೆ ನಿಮಗೇ ಮನಸ್ಸು ಮಂಕಾಗಿದ್ರೆ, ಮಗು ಮುಖ ನೋಡಿದ್ರೂ ಏನೂ ಅನ್ನಿಸ್ತಿಲ್ಲ ಅಂದ್ರೆ ದಯವಿಟ್ಟು ಡಾಕ್ಟರ್ ಹತ್ರ ಹೇಳಿ, ಮುಚ್ಚಿಡ್ಬೇಡಿ.)

ಈಗ ಎಂಟು ತಿಂಗಳು. ನಿನ್ನೆ ಕುಕ್ಕರ್ ಸೀಟಿಗೆ ಬೆಚ್ಚಿಬಿದ್ಲು, ಅಳೋದಕ್ಕೆ ಮುಂಚೆ ತಿರುಗಿ ನನ್ನ ಮುಖ ನೋಡಿದ್ಲು, ನಾನು ನಕ್ಕೆ, ಅವಳು ಮತ್ತೆ ಡಬ್ಬಿ ಬಡಿಯೋಕೆ ಶುರು ಮಾಡಿದ್ಲು.