ನಾನ್‌ಜಿಂಗ್ ಚಳಿಗೆ ಕುರಿ ಸೂಪು: ನನ್ನ ಅನುಭವ

ಬೀಜಿಂಗಿನಲ್ಲಿ ಚಳಿಗಾಲಕ್ಕೆ ಮನೆಮನೆಗೂ ಸರ್ಕಾರಿ ಹೀಟಿಂಗ್ ಬರುತ್ತದೆ. ಚೀನಾದ ದಕ್ಷಿಣ ಭಾಗಕ್ಕೆ ಸೇರಿದ ನಮ್ಮ ನಾನ್‌ಜಿಂಗ್ ನಗರಕ್ಕೆ ಆ ಭಾಗ್ಯ ಇಲ್ಲ. ಇಲ್ಲಿಯದು ಥಂಡಿ ಹಿಡಿದ ಚಳಿ, ಮನೆಯೊಳಗೂ ಬಿಡುವುದಿಲ್ಲ. ಡಿಸೆಂಬರ್ ಬಂತೆಂದರೆ ನನ್ನ ಕೈಕಾಲು ಐಸು, ಹೊಟ್ಟೆಯೂ ಕೆಟ್ಟಿರುತ್ತಿತ್ತು. ಊಟ ಬದಲಿಸಿದರೆ ಹೋಗುತ್ತದೆ ಅಂದಾಗ ಇಲ್ಲಿರುವ ಕನ್ನಡದ ಗೆಳೆಯರು ನಂಬಲಿಲ್ಲ. ಈ ಚಳಿಗಾಲದಲ್ಲಿ ಹೋಗಿದೆ. ಈಗ ಅವರೇ ಪಾತ್ರೆ ಹಿಡಿದು ಬರುತ್ತಾರೆ!

ಮೊದಲು ದುಡ್ಡು ಸುರಿದಿದ್ದು ರೆಡಿಮೇಡ್ ಟಾನಿಕ್ ಪೊಟ್ಟಣಗಳಿಗೆ. ಏಳೆಂಟು ನೂರು ಯುವಾನ್ ಸುಮ್ನೆ ಹೋಯಿತು. ಆಮೇಲೆ ಒಣ ಲಾಂಗನ್ (ಲಿಚಿಯಂಥ ಹಣ್ಣು), ಹೊಂಗ್‌ಜಾವೊ (ಒಣಗಿಸಿದ ಕೆಂಪು ಬೋರೆ ಹಣ್ಣು), ಶುಂಠಿ ಟೀ, ಎಲ್ಲಾ ದಿನಾ. ಮೈ ಬೆಚ್ಚಗಾಗುವ ಮೊದಲೇ ಬಾಯಿತುಂಬ ಹುಣ್ಣು. ಶಾಂಗ್‌ಹುವೊ, ಅಂದರೆ ಮೈಯಲ್ಲಿ ಉಷ್ಣ ಜಾಸ್ತಿ ಆಗಿದೆ ಅಂತ ಪಕ್ಕದ ಮನೆ ಅಜ್ಜಿ ಪೇರ್ ಹಣ್ಣು ಬೇಯಿಸಿ ಕೊಟ್ಟರು.

ಕೊನೆಗೆ ಕೈಹಿಡಿದಿದ್ದು ದಾಂಗ್‌ಗ್ವೇ (ಚೀನೀ ಔಷಧದ ಒಂದು ಬೇರು), ಶುಂಠಿ, ಕುರಿಮಾಂಸದ ಸೂಪು. ಹಾನ್ ರಾಜವಂಶದ ಕಾಲದ ವೈದ್ಯ ಝಾಂಗ್ ಝೊಂಗ್‌ಜಿಂಗ್ ಬರೆದಿಟ್ಟ ಪಾಕ, ಸುಮಾರು 1800 ವರ್ಷ ಹಳೆಯದು. ಅವನ ಅಳತೆಯಲ್ಲಿ ದಾಂಗ್‌ಗ್ವೇ ಜಾಸ್ತಿ, ನನಗೆ ಕಹಿ ತಡೆಯಲಾಗಲಿಲ್ಲ. ಅರ್ಧ ಕೆಜಿ ಮಾಂಸಕ್ಕೆ 10 ಗ್ರಾಂ ಸಾಕು, ಶುಂಠಿ ಮಾತ್ರ ಧಾರಾಳವಾಗಿ. ಶುಂಠಿಯ ಸಿಪ್ಪೆ ತೆಗೆಯಿರಿ. ಇಲ್ಲಿಯವರ ಲೆಕ್ಕದಲ್ಲಿ ತಿರುಳು ಉಷ್ಣ, ಸಿಪ್ಪೆ ತಂಪು.

ಮಾಂಸವನ್ನು ತಣ್ಣೀರಿನಲ್ಲೇ ಇಟ್ಟು ಕುದಿಸಬೇಕು. ಬೂದು ಬಣ್ಣದ ನೊರೆ ಉಕ್ಕಿ ಬರುತ್ತದೆ. ಆ ನೀರು ಚೆಲ್ಲಿ, ಬಿಸಿನೀರಲ್ಲೇ ತೊಳೆಯಿರಿ. ತಣ್ಣೀರು ತಾಗಿದರೆ ತುಂಡು ಬಿಗಿದುಕೊಳ್ಳುತ್ತದೆ ಅನ್ನುತ್ತಾರೆ. ಆಮೇಲೆ ಮಣ್ಣಿನ ಪಾತ್ರೆಯಲ್ಲಿ ಬೇರೆ ನೀರು, ದಾಂಗ್‌ಗ್ವೇ, ಶುಂಠಿ ಜೊತೆ ಸಣ್ಣ ಉರಿ, ಎರಡು ಗಂಟೆ. ಉಪ್ಪು ಕೊನೆಗೆ. ಕುರಿ ವಾಸನೆ ಪೂರ್ತಿ ಹೋಗಲು ನಾನು ಇನ್ನೊಂದು ಹಾಕುತ್ತೇನೆ, ಅದನ್ನು ಮಾತ್ರ ಹೇಳುವುದಿಲ್ಲ. ಒಂದು ಪಾತ್ರೆಗೆ ಅರವತ್ತು ಯುವಾನ್ ಬೀಳಬಹುದು, ಮೂವರಿಗೆ ಧಾರಾಳ.

ವಾರಕ್ಕೆ ಎರಡೇ ಸಲ. ಜೊತೆಗೆ ಬಿಳಿ ಮೂಲಂಗಿ ಹಾಕಿದರೆ ಬಾಯಿ ಹುಣ್ಣು ಬರಲಿಲ್ಲ. ರಾತ್ರಿ ಮೊಸರು, ಹಸಿ ಸೌತೆಕಾಯಿ, ಫ್ರಿಜ್ಜಿನ ಹಾಲು ಬಿಟ್ಟೆ. ಅರ್ಧ ಗೆಲುವು ಅದರದ್ದೇ ಅಂತ ನನ್ನ ನಂಬಿಕೆ. ಮೂರನೇ ವಾರದ ಹೊತ್ತಿಗೆ ಮಲಗುವಾಗ ಕಾಲುಚೀಲ ಬೇಡವಾಯಿತು.

ಮಾಂಸ ತಿನ್ನದ ಗೆಳತಿಗಾಗಿ ನಮ್ಮ ಮೆಣಸಿನ ಸಾರನ್ನೂ ಪ್ರಯೋಗ ಮಾಡಿದೆ. ಕಾಳುಮೆಣಸು ಇಲ್ಲಿಯ ಲೆಕ್ಕದಲ್ಲೂ ಉಷ್ಣವೇ ಅಲ್ವಾ? ಎರಡು ಹೊಂಗ್‌ಜಾವೊ ಬೀಜ ತೆಗೆದು ಹಾಕಿದೆ, ಬೆಲ್ಲ ಬೇಕಾಗಲಿಲ್ಲ. ಅವಳಿಗೆ ಹಿಡಿಸಿತು, ಕೈ ಮಾತ್ರ ಇನ್ನೂ ತಣ್ಣಗೇ ಇದೆ. ಮುಂದಿನ ಸಲ ಒಣಶುಂಠಿ ಸೇರಿಸಿ ನೋಡಬೇಕು.

ರಕ್ತ ತೆಳುವಾಗುವ ಮಾತ್ರೆ ತಿನ್ನುವವರು, ಬಸುರಿಯರು ದಾಂಗ್‌ಗ್ವೇ ಮುಟ್ಟುವ ಮೊದಲು ಡಾಕ್ಟರನ್ನು ಕೇಳಲೇಬೇಕು.