ಟೆಕ್ಸಸ್‌ಗೆ ಹೊಸಬರೇ? ಪೊಲೀಸರ ವಿಷಯ ಸ್ವಲ್ಪ ಕೇಳಿ

ಆಸ್ಟಿನ್‌ಗೆ ಹೊಸದಾಗಿ ಬಂದವರು ಬಾಡಿಗೆ ಮನೆ, ಸೋನಾ ಮಸೂರಿ ಸಿಗುವ ಅಂಗಡಿ ಎಲ್ಲ ವಿಚಾರಿಸಿ ಆದ ಮೇಲೆ ದನಿ ತಗ್ಗಿಸಿ ಕೇಳುತ್ತಾರೆ: "ರಸ್ತೇಲಿ ಪೊಲೀಸ್ ನಿಲ್ಲಿಸಿದರೆ ವೀಸಾ ಕೇಳ್ತಾರಾ?"

ಕೇಳಬಹುದು. ತಡೆದು ನಿಲ್ಲಿಸಿದವರ ವಲಸೆ ಸ್ಥಿತಿ ಕೇಳಲು ಪೊಲೀಸರಿಗೆ 2017ರ ಟೆಕ್ಸಸ್ ಕಾನೂನು, ಎಸ್‌ಬಿ 4, ಬಿಡುತ್ತದೆ. ಆದರೆ ನಾನು ಜಾಸ್ತಿ ಹೆದರುವುದು ಜೈಲಿನ ಬಾಗಿಲಿಗೆ. ಯಾವ ಕಾರಣಕ್ಕೆ ಒಳಗೆ ಹಾಕಿದರೂ ಬೆರಳಚ್ಚು ತೆಗೆಯುತ್ತಾರೆ. ಅದು ಎಫ್‌ಬಿಐಗೆ ಹೋಗಿ, ಅಲ್ಲಿಂದ ವಲಸೆ ಇಲಾಖೆಯನ್ನೂ ಮುಟ್ಟುತ್ತದೆ. ಬಿಡುಗಡೆಯ ಹೊತ್ತಿಗೆ "ಇನ್ನೂ 48 ಗಂಟೆ ಇಟ್ಟುಕೊಳ್ಳಿ" ಎಂದು ಐಸ್, ಅಂದರೆ ವಲಸೆ ಪೊಲೀಸರು, ಹೇಳಿ ಕಳಿಸಬಹುದು. ಸ್ಥಳೀಯ ಪೊಲೀಸರೇ ಐಸ್ ಕೆಲಸ ಮಾಡುವ ಒಪ್ಪಂದಗಳೂ ಇವೆ. 1996ರಲ್ಲಿ ವಲಸೆ ಕಾಯ್ದೆಗೆ ಸೇರಿದ 287(ಜಿ) ಕಲಮು ಅದಕ್ಕೆ ದಾರಿ ಮಾಡಿತು. 2026ರ ಜನವರಿಯಿಂದ ಇಲ್ಲಿ ಜೈಲು ನಡೆಸುವ ಶೆರಿಫ್‌ಗಳು, ಅಂದರೆ ಕೌಂಟಿಯ (ಜಿಲ್ಲೆಯಂಥದ್ದು) ಪೊಲೀಸ್ ಮುಖ್ಯಸ್ಥರು, ಇಂಥ ಒಪ್ಪಂದಕ್ಕೆ ಹೋಗಲೇಬೇಕು.

ಕ್ಯಾಲಿಫೋರ್ನಿಯಾದಲ್ಲಿರುವ ಭಾವ "ಹಾಗೇನಿಲ್ಲ ಬಿಡ್ರೀ" ಅಂದರೆ ಅವರ ಮಟ್ಟಿಗೆ ಅದು ನಿಜ. ಅಲ್ಲಿನ ಕಾನೂನು 2018ರಿಂದ ಸ್ಥಳೀಯ ಪೊಲೀಸರ ಕೈ ಕಟ್ಟಿದೆ. ಆ ಸಲಹೆ ಇಲ್ಲಿ ನಡೆಯಲ್ಲ.

ಜೈಲಿಗೆ ಹೋಗಲು ದೊಡ್ಡ ತಪ್ಪೇ ಆಗಬೇಕಿಲ್ಲ. ಇಲ್ಲೇ ಹತ್ತಿರದ ಲಾಗೋ ವಿಸ್ಟಾದಲ್ಲಿ ಸೀಟ್ ಬೆಲ್ಟ್ ಹಾಕದ ಒಬ್ಬ ತಾಯಿಗೆ ಕೈಕೋಳ ತೊಡಿಸಿ ಕರೆದೊಯ್ದಿದ್ದರು. ಅದು ಸಂವಿಧಾನಕ್ಕೆ ವಿರುದ್ಧವಲ್ಲ ಎಂದು 2001ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ಹಾಗಾಗಿ ಬಂದ 90 ದಿನದೊಳಗೆ ಟೆಕ್ಸಸ್ ಲೈಸೆನ್ಸ್ ಮಾಡಿಸಿ. ಟಿಕೆಟ್, ಅಂದರೆ ಟ್ರಾಫಿಕ್ ತಪ್ಪಿನ ಚೀಟಿ, ಬಂದರೆ ಡ್ರಾಯರ್‌ಗೆ ತುರುಕಬೇಡಿ, ತಾರೀಖು ಮೀರಿದರೆ ವಾರಂಟ್ ಹೊರಡುತ್ತದೆ. ಇನ್ನು ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದರೆ, ಕೋರ್ಟಿನಲ್ಲಿ ತೀರ್ಪು ಬರುವ ಮೊದಲೇ ವೀಸಾ ರದ್ದಾಗಬಹುದು. ಪಾರ್ಟಿಯಲ್ಲಿ "ಒಂದೇ ಒಂದು ಬಿಯರ್" ಅನ್ನುವವರು ಕೀ ಹೆಂಡತಿ ಕೈಗೆ ಕೊಡಿ.

ಮೊದಲ ವರ್ಷ ನನ್ನನ್ನು ಸ್ಪೀಡಿಂಗ್‌ಗೆ ನಿಲ್ಲಿಸಿದರು. ನಮ್ಮೂರಿನ ಅಭ್ಯಾಸ ನೋಡಿ, ಬಾಗಿಲು ತೆಗೆದು, ಕಾಗದ ಹಿಡಿದು "ಸರ್, ಸರ್" ಅಂತ ಅವರತ್ತ ನಡೆದೇಬಿಟ್ಟೆ. ಅವರ ಕೈ ಸೊಂಟಕ್ಕೆ ಹೋಯಿತು. "ಕಾರಿಗೆ ವಾಪಸ್ ಹೋಗು!" ಆ ಕೂಗು ಇವತ್ತಿಗೂ ಕಿವಿಯಲ್ಲಿದೆ. ನೀವು ಇಳಿಯಬೇಡಿ. ಕಿಟಕಿ ಇಳಿಸಿ, ಎರಡೂ ಕೈ ಸ್ಟೀರಿಂಗ್ ಮೇಲಿಡಿ. ಇನ್ಶೂರೆನ್ಸ್ ಕಾಗದ ಗ್ಲೌ ಬಾಕ್ಸ್‌ನಲ್ಲಿದ್ದರೆ ಮೊದಲು ಹೇಳಿ, ಆಮೇಲೆ ಕೈ ಹಾಕಿ.

18 ತುಂಬಿದ ವಿದೇಶಿಯರು ನೋಂದಣಿ ಪುರಾವೆ ಸದಾ ಜೊತೆಗಿಟ್ಟುಕೊಳ್ಳಬೇಕು ಎಂಬುದು ಕೇಂದ್ರದ ಹಳೇ ಕಾನೂನು. ನಮ್ಮಲ್ಲಿ ಬಹುಪಾಲು ಜನರಿಗೆ ಅದು ಐ-94, ಅಂದರೆ ಅಮೆರಿಕಕ್ಕೆ ಬಂದಿಳಿದ ದಾಖಲೆ. ಪ್ರಿಂಟ್ ತೆಗೆದು ಪರ್ಸಿನಲ್ಲಿ ಮಡಚಿಡಿ. ಸಂಜೆ ವಾಕಿಂಗ್ ಹೊರಡುವ ಅಪ್ಪ ಅಮ್ಮನ ಜೇಬಿಗೂ ಒಂದು ಹಾಕಿ, ನಿಮ್ಮ ಫೋನ್ ನಂಬರ್ ಬರೆದು.

ಬಂಧನವೇ ಆದರೆ ಹೆಸರು ನಿಜ ಹೇಳಿ, ಆಮೇಲೆ ವಕೀಲರು ಬೇಕು ಅನ್ನಿ. ಹ್ಯೂಸ್ಟನ್‌ನ ಭಾರತೀಯ ಕಾನ್ಸುಲೇಟ್‌ಗೆ ತಿಳಿಸಿ ಎಂದು ಕೇಳುವ ಹಕ್ಕೂ ಇದೆ. ಅರ್ಥವಾಗದ ಕಾಗದಕ್ಕೆ ಸಹಿ ಬೇಡ.

ಕೊನೇದು ಹೆಣ್ಣುಮಕ್ಕಳಿಗೆ. "ಪೊಲೀಸ್‌ಗೆ ಫೋನ್ ಮಾಡಿದ್ರೆ ನಿನ್ನನ್ನೇ ಊರಿಗೆ ಅಟ್ತಾರೆ" ಎಂದು ಹೊಡೆಯುವ ಗಂಡ ಹೆದರಿಸಿದರೆ ನಂಬಬೇಡಿ. ಏಟು ತಿಂದವರ, ಸಾಕ್ಷಿಗಳ ವಲಸೆ ಸ್ಥಿತಿಯನ್ನು ತನಿಖೆಗೆ ಬೇಕೇ ಬೇಕಾಗದ ಹೊರತು ಸುಮ್ನೆ ಕೆದಕಲು ಅದೇ 2017ರ ಕಾನೂನು ಬಿಡುವುದಿಲ್ಲ. ಏಟು ತಿಂದು ತನಿಖೆಗೆ ನೆರವಾದವರು ಯು ವೀಸಾಕ್ಕೂ, ಅಂದರೆ ಅಪರಾಧಕ್ಕೆ ಬಲಿಯಾದವರಿಗಿರುವ ವೀಸಾಕ್ಕೂ, ಅರ್ಜಿ ಹಾಕಬಹುದು. 911ಕ್ಕೆ ಫೋನ್ ಮಾಡಿ.